ಟ್ರಂಕಿನೊಳಗಿನ ಫೈಲು

ಮೊಳಕಾಲ್ಮುರಿನ ನೇಕಾರರ ಕೇರಿಯಲ್ಲಿ ಒಂದು ಮನೆ. ನಡುಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಅದರ ಹಿಂದಿನ ಕೋಣೆಯಲ್ಲಿ ಒಂದು ತಗಡಿನ ಟ್ರಂಕು. ಟ್ರಂಕಿನಲ್ಲಿ ಮದುವೆ ಸೀರೆಯ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದು ಅಲ್ಲಿರುವುದು ಮನೆಯಲ್ಲಿ ಮೂವರಿಗೆ ಮಾತ್ರ ಗೊತ್ತು: ಮಗನಿಗೆ, ಸೊಸೆಗೆ, ಅತ್ತೆಗೆ. ಪಿಯುಸಿ ಓದುತ್ತಿರುವ ನಾದಿನಿಗೂ ತಿಳಿಯದು.

ಮದುವೆಯಾಗಿ ಒಂಬತ್ತು ವರ್ಷವಾಗಿದೆ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಕಟ್ಟಿಕೊಂಡದ್ದಾಯಿತು, ನಾಯಕನಹಟ್ಟಿಯ ತೇರಿಗೆ ಹೋಗಿ ಬಂದದ್ದಾಯಿತು. ಕಡೆಗೆ ಒಡವೆ ಅಡವಿಟ್ಟು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಗಂಡ ಹೆಂಡತಿ ಓಡಾಡಿದರು. ಕೇರಿಯವರು ಕೇಳಿದರೆ ‘ರೇಷ್ಮೆ ನೂಲಿನ ವ್ಯವಹಾರ’ ಎಂದರು. ಈಗ ಫಲ ನಿಂತಿದೆ. ವೈದ್ಯರ ಲೆಕ್ಕದಲ್ಲಿ ಆರನೆಯ ವಾರ ಕಳೆದು ಏಳನೆಯದು ನಡೆಯುತ್ತಿದೆ.

ಒಂದು ಮಧ್ಯಾಹ್ನ ಸೊಸೆಗೆ ಬಲಗಡೆಯ ಕಿಬ್ಬೊಟ್ಟೆಯಲ್ಲಿ ನೋವು. ‘ವಾಯು ಆಗಿರ್ಬೇಕು ಕಣವ್ವ, ಒಂದಿಷ್ಟು ಜೀರಿಗೆ ಕಷಾಯ ಕುಡಿ’ ಎಂದರು ಅತ್ತೆ. ನೋವು ತಗ್ಗಲಿಲ್ಲ. ಮರುದಿನ ಚಳ್ಳಕೆರೆಗೆ ಕರೆದುಕೊಂಡು ಹೋದರು. ‘ಮಕ್ಕಳಾಗೋದಕ್ಕೆ ಏನಾದರೂ ಚಿಕಿತ್ಸೆ ತಗೊಂಡಿದ್ರಾ?’ ಎಂದು ಡಾಕ್ಟರು ಕೇಳಿದರು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: ‘ಇಲ್ಲ ಡಾಕ್ಟ್ರೇ, ದೇವರು ಕೊಟ್ಟಿದ್ದು.’

ಸ್ಕ್ಯಾನಿಂಗ್ ಆಯಿತು. ಗರ್ಭಕೋಶದೊಳಗೆ ಮಗು ಇದೆ, ಹೃದಯ ಬಡಿಯುತ್ತಿದೆ. ಎಲ್ಲರಿಗೂ ಸಮಾಧಾನ. ಬಸ್ಸಿನಲ್ಲಿ ಮನೆಗೆ ಬಂದರು. ಆ ರಾತ್ರಿ ಹನ್ನೊಂದಕ್ಕೆ ಬಚ್ಚಲಿಗೆಂದು ಎದ್ದ ಸೊಸೆ ಕಣ್ಣು ಕತ್ತಲೆಯಾಗಿ ಕುಸಿದಳು. ಮೈಯೆಲ್ಲ ತಣ್ಣನೆಯ ಬೆವರು. ಹೊಟ್ಟೆಗಿಂತ ಹೆಚ್ಚಾಗಿ ಭುಜ ನೋಯುತ್ತಿದೆ ಎನ್ನುತ್ತಿದ್ದಳು.

ಈ ಮನೆ ಕಲ್ಪನೆಯದು. ಇದು ಯಾರೊಬ್ಬರ ಕಥೆಯೂ ಅಲ್ಲ. ಆದರೆ ಅದರೊಳಗಿನ ಕಾಯಿಲೆ ಕಲ್ಪನೆಯದಲ್ಲ. ಮೊಳಕಾಲ್ಮುರಿನಿಂದ ದೊಡ್ಡ ಆಸ್ಪತ್ರೆಗಿರುವ ದೂರವೂ ಕಲ್ಪನೆಯದಲ್ಲ. ‘ಯಾರಿಗೂ ಹೇಳಬಾರದು’ ಎಂಬ ಗುಟ್ಟಂತೂ ಊರೂರಿನಲ್ಲೂ ಇದೆ. ಕೃತಕ ಗರ್ಭಧಾರಣೆಯ ನಂತರ ಬರಬಹುದಾದ ಕೆಲವು ತೊಡಕುಗಳು ಬಲು ಅಪರೂಪ. ಅಪರೂಪವಾದ್ದರಿಂದಲೇ ಅವು ಮೊದಲ ನೋಟಕ್ಕೆ ಹೊಳೆಯುವುದಿಲ್ಲ. ಅವನ್ನು ಹೊಳೆಯಿಸಬಲ್ಲ ಒಂದು ಮಾತು ಸಾಮಾನ್ಯವಾಗಿ ಟ್ರಂಕಿನೊಳಗೆ ಬಿದ್ದಿರುತ್ತದೆ.

ಮೊದಲ ಬಸಿರೇ ನಾಳದಲ್ಲಿ

ಪ್ರನಾಳ ಶಿಶು ಎಂದೊಡನೆ ಎಲ್ಲರಿಗೂ ನೆನಪಾಗುವುದು 1978ರ ಜುಲೈ 25. ಅಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಎಂಬ ಊರಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೊ ಮತ್ತು ಅವರ ಜೊತೆಗಿದ್ದ ನರ್ಸ್ ಜೀನ್ ಪರ್ಡಿ ಅದರ ಹಿಂದಿದ್ದವರು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ‘ದುರ್ಗಾ’ ಎಂದು ಹೆಸರಾದ ಮಗು ಹುಟ್ಟಿತು. ಅವರ ಮಾತನ್ನು ಅಂದಿನ ಅಧಿಕಾರಸ್ಥರು ನಂಬಲಿಲ್ಲ. ನೊಂದ ಮುಖರ್ಜಿ 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ ಮನ್ನಣೆ ಸಿಕ್ಕಿದ್ದು ಸತ್ತ ಎಷ್ಟೋ ವರ್ಷಗಳ ಮೇಲೆ. 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದೂಜಾ ಮತ್ತು ಸಂಗಡಿಗರ ಆರೈಕೆಯಲ್ಲಿ ಹರ್ಷಾ ಹುಟ್ಟಿದಳು. ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಒಬ್ಬರಾದ ಬೆಂಗಳೂರಿನ ಡಾ. ಕಾಮಿನಿ ರಾವ್ ಅವರಿಗೆ 2014ರಲ್ಲಿ ಪದ್ಮಶ್ರೀ ಬಂತು. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಈವರೆಗೆ ಜಗತ್ತಿನಲ್ಲಿ ಈ ದಾರಿಯಿಂದ ಹುಟ್ಟಿದ ಮಕ್ಕಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ.

ಲೂಯಿಸ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನ ಒಂದು ಸಂಗತಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 1976ರಲ್ಲಿ ಸ್ಟೆಪ್ಟೊ ಮತ್ತು ಎಡ್ವರ್ಡ್ಸ್ ಒಬ್ಬ ಮಹಿಳೆಯಲ್ಲಿ ಗರ್ಭ ನಿಲ್ಲಿಸುವುದರಲ್ಲಿ ಗೆದ್ದಿದ್ದರು. ಆದರೆ ಭ್ರೂಣ ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲಿ ನಿಂತುಬಿಟ್ಟಿತ್ತು. ಅದನ್ನು ತೆಗೆಯಲೇಬೇಕಾಯಿತು. ಹೀಗೆ, ಈ ವಿದ್ಯೆಯಿಂದ ನಿಂತ ಮೊದಮೊದಲ ಬಸಿರೇ ತೊಡಕಿನ ಬಸಿರಾಗಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅದೇ ವರ್ಷ ಬರೆದು ಎಲ್ಲ ವೈದ್ಯರಿಗೂ ತಿಳಿಸಿದರು.

ಭ್ರೂಣ ದಾರಿ ತಪ್ಪುವುದೇಕೆ?

ಗರ್ಭಕೋಶದೊಳಗೇ ಭ್ರೂಣವನ್ನು ಬಿಟ್ಟ ಮೇಲೆ ಅದು ನಾಳಕ್ಕೆ ಹೋಗುವುದಾದರೂ ಹೇಗೆ? ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಈ ಪ್ರಶ್ನೆ ಹುಟ್ಟುವುದು ಸಹಜ.

ಸ್ವಾಭಾವಿಕವಾಗಿ ಅಂಡಾಣು ಮತ್ತು ವೀರ್ಯಾಣು ಕೂಡುವುದು ಅಂಡನಾಳದಲ್ಲಿ. ಕೂಡಿದ ಮೇಲೆ ಆ ಜೀವಕಣ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ನಾಳದಲ್ಲಿ ಮೆಲ್ಲನೆ ಸಾಗುತ್ತದೆ. ನಾಳದ ಒಳಗೋಡೆಯಲ್ಲಿರುವ ನವಿರಾದ ರೋಮಗಳು ಅದನ್ನು ಗರ್ಭಕೋಶದ ಕಡೆಗೆ ತಳ್ಳುತ್ತವೆ. ಆರನೆಯ ಅಥವಾ ಏಳನೆಯ ದಿನ ಅದು ಗರ್ಭಕೋಶದ ಗೋಡೆಗೆ ಅಂಟಿಕೊಂಡು ಬೇರು ಬಿಡುತ್ತದೆ.

ಕೃತಕ ಚಿಕಿತ್ಸೆಯಲ್ಲಿ ಮೊದಲು ಚುಚ್ಚುಮದ್ದು ಕೊಟ್ಟು ಒಂದೇ ಸಲಕ್ಕೆ ಹಲವು ಅಂಡಾಣುಗಳು ಬಲಿಯುವಂತೆ ಮಾಡುತ್ತಾರೆ. ಅವನ್ನು ಸೂಜಿಯಿಂದ ಹೊರತೆಗೆದು ಪ್ರಯೋಗಾಲಯದಲ್ಲಿ ವೀರ್ಯಾಣುಗಳೊಡನೆ ಕೂಡಿಸುತ್ತಾರೆ. ಮೂರನೆಯ ಅಥವಾ ಐದನೆಯ ದಿನ ಭ್ರೂಣವನ್ನು ಒಂದು ತೆಳುವಾದ ಕೊಳವೆಯ ಮೂಲಕ ಗರ್ಭಕೋಶದೊಳಕ್ಕೆ ಬಿಡುತ್ತಾರೆ. ಭ್ರೂಣವನ್ನು ಒಳಗೆ ಬಿಡುವುದಷ್ಟೇ ವೈದ್ಯರ ಕೈಯಲ್ಲಿರುವುದು; ಅದನ್ನು ಅಲ್ಲಿಯೇ ಅಂಟಿಸಲು ಬರುವುದಿಲ್ಲ. ಒಂದೆರಡು ದಿನ ಅದು ಒಳಗೆ ತೇಲಾಡುತ್ತಿರುತ್ತದೆ. ಗರ್ಭಕೋಶ ಸುಮ್ಮನಿರುವ ಚೀಲವಲ್ಲ. ಅದರ ಸ್ನಾಯುಗಳು ಸಣ್ಣಗೆ ಅಲೆಯಾಡುತ್ತಲೇ ಇರುತ್ತವೆ. ಆ ಅಲೆಯಲ್ಲಿ ಭ್ರೂಣ ನಾಳದ ಬಾಯಿಯತ್ತ ಸರಿದುಬಿಡಬಹುದು. ನಾಳ ಆರೋಗ್ಯವಾಗಿದ್ದರೆ ರೋಮಗಳು ಅದನ್ನು ಹಿಂದಕ್ಕೆ ತಳ್ಳುತ್ತವೆ. ಕೆಟ್ಟ ನಾಳಕ್ಕೆ ಆ ಶಕ್ತಿ ಇರುವುದಿಲ್ಲ.

ಈ ಚಿಕಿತ್ಸೆಗೆ ಬರುವ ಎಷ್ಟೋ ಹೆಣ್ಣುಮಕ್ಕಳು ಬರುವುದೇ ನಾಳ ಕೆಟ್ಟಿರುವುದರಿಂದ. ಸೋಂಕು, ಹಿಂದಿನ ಶಸ್ತ್ರಚಿಕಿತ್ಸೆ, ನಮ್ಮ ದೇಶದಲ್ಲಿ ಮುಖ್ಯವಾಗಿ ಗರ್ಭಾಂಗಗಳ ಕ್ಷಯರೋಗ ಇದಕ್ಕೆ ಕಾರಣ. ಅಂದರೆ ಯಾವ ದೋಷ ಅವರನ್ನು ಆಸ್ಪತ್ರೆಗೆ ಕರೆತಂದಿತೋ ಅದೇ ದೋಷ ಬಸಿರನ್ನು ದಾರಿ ತಪ್ಪಿಸಬಲ್ಲದು. ನಾಳ ತೆಗೆಸಿಕೊಂಡವರಲ್ಲೂ ಉಳಿದ ತುಂಡಿನಲ್ಲಿ ಭ್ರೂಣ ನಿಂತ ಉದಾಹರಣೆಗಳಿವೆ. ಆದ್ದರಿಂದ ‘ನಾಳವೇ ಇಲ್ಲವಲ್ಲ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಮೂವತ್ತು ಸಾವಿರಕ್ಕೆ ಒಂದು

ನಾಳದ ಬಸಿರು ಒಂದೇ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ ಕಾಣುತ್ತದೆ. ವೈದ್ಯರಿಗೆ ಕೂಡಲೇ ಅನುಮಾನ ಬರುತ್ತದೆ. ಮೇಲಿನ ಕಥೆಯ ಸೊಸೆಯದು ಅದಕ್ಕಿಂತ ಕಪಟದ ಸ್ಥಿತಿ. ಒಂದು ಮಗು ಗರ್ಭಕೋಶದಲ್ಲಿ, ಇನ್ನೊಂದು ನಾಳದಲ್ಲಿ. ಇದನ್ನು ‘ಹೆಟೆರೊಟೋಪಿಕ್’ ಬಸಿರು ಎನ್ನುತ್ತಾರೆ. ಎರಡು ತಾಣದ ಬಸಿರು ಎನ್ನಬಹುದು. 1708ರಲ್ಲಿ ಫ್ರಾನ್ಸಿನ ಡುವರ್ನಿ ಎಂಬ ವೈದ್ಯ ಒಂದು ಶವಪರೀಕ್ಷೆಯಲ್ಲಿ ಇದನ್ನು ಮೊದಲು ಕಂಡ. ಆ ಕಾಲದಲ್ಲಿ ಸತ್ತ ಮೇಲಷ್ಟೇ ತಿಳಿಯುವ ಸಂಗತಿಯಾಗಿತ್ತು ಅದು.

ಇದು ಎಷ್ಟು ಅಪರೂಪ? 1948ರಲ್ಲಿ ಅಮೆರಿಕದ ಡಿವೋ ಮತ್ತು ಪ್ರ್ಯಾಟ್ ಎಂಬ ವೈದ್ಯರು ಸರಳವಾದ ಲೆಕ್ಕ ಹಾಕಿದರು. ವಿದ್ಯಾರ್ಥಿಗಳು ಅದನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು. ಅಂದಿನ ಅಂದಾಜಿನಂತೆ ನಾಳದ ಬಸಿರು ಸುಮಾರು 270ಕ್ಕೆ ಒಂದು. ಎರಡು ಬೇರೆ ಬೇರೆ ಅಂಡಾಣುಗಳಿಂದ ಆಗುವ ಅವಳಿ 125ಕ್ಕೆ ಒಂದು. ಎರಡೂ ಒಟ್ಟಿಗೆ ಆಗುವ ಸಂಭವ ಎಷ್ಟು? 270ನ್ನು 125ರಿಂದ ಗುಣಿಸಿದರೆ 33,750. ಪಠ್ಯಪುಸ್ತಕಗಳು ಇದನ್ನೇ ಸುಮಾರಾಗಿ ‘ಮೂವತ್ತು ಸಾವಿರಕ್ಕೆ ಒಂದು’ ಎಂದು ಹೇಳುತ್ತ ಬಂದವು. ಅಷ್ಟು ಅಪರೂಪದ್ದನ್ನು ಒಬ್ಬ ವೈದ್ಯ ಇಡೀ ಜೀವಮಾನದಲ್ಲಿ ಕಾಣದೆಯೂ ಇರಬಹುದು. ಹಾಗಾಗಿ ಗರ್ಭಕೋಶದಲ್ಲಿ ಮಗು ಕಂಡರೆ ನಾಳದ ಚಿಂತೆ ಬಿಡಬಹುದು ಎಂಬುದು ಬಹುಕಾಲ ಒಪ್ಪಿತವಾದ ಮಾತಾಗಿತ್ತು.

ಕೃತಕ ಚಿಕಿತ್ಸೆ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಇಲ್ಲಿ ಎರಡು ಸಂಖ್ಯೆಗಳೂ ಬದಲಾಗುತ್ತವೆ. ನಾಳ ಕೆಟ್ಟಿರುವುದರಿಂದ ಮೊದಲಿನದು ಹೆಚ್ಚುತ್ತದೆ. ಎರಡು ಮೂರು ಭ್ರೂಣ ಬಿಡುವುದರಿಂದ ಎರಡನೆಯದು ಹೆಚ್ಚುತ್ತದೆ. ಚಿಕಿತ್ಸೆ ಪಡೆದವರಲ್ಲಿ ಎರಡು ತಾಣದ ಬಸಿರು ಸಾವಿರಕ್ಕೆ ಒಂದರಿಂದ ನೂರಕ್ಕೆ ಒಂದರವರೆಗೆ ಕಂಡುಬಂದಿದೆ ಎಂಬ ವರದಿಗಳಿವೆ. ಅಂಡಾಣು ಬಲಿಯಲೆಂದು ಬರೀ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡವರಲ್ಲೂ ಅವಳಿ ಹೆಚ್ಚುತ್ತದೆ. ಅವರಲ್ಲಿಯೂ ಈ ಅಪಾಯ ಸ್ವಲ್ಪ ಹೆಚ್ಚೇ.

ಅಂದರೆ ‘ಚಿಕಿತ್ಸೆ ತಗೊಂಡಿದ್ರಾ?’ ಎಂಬ ಡಾಕ್ಟರ ಪ್ರಶ್ನೆ ಕುತೂಹಲದ್ದಲ್ಲ. ‘ಹೌದು’ ಎಂಬ ಉತ್ತರ ಮೂವತ್ತು ಸಾವಿರಕ್ಕೆ ಒಂದು ಎಂಬ ಸಾಧ್ಯತೆಯನ್ನು ಸಾವಿರಕ್ಕೆ ಅಥವಾ ನೂರಕ್ಕೆ ಒಂದು ಎಂಬಲ್ಲಿಗೆ ತರುತ್ತದೆ. ಹೌದೆಂದರೆ ಸ್ಕ್ಯಾನ್ ಮಾಡುವವರು ಗರ್ಭಕೋಶ ನೋಡಿ ಅಲ್ಲಿಗೇ ನಿಲ್ಲುವುದಿಲ್ಲ; ಎರಡೂ ಬದಿಯ ನಾಳಗಳನ್ನು, ಹೊಟ್ಟೆಯಲ್ಲಿ ರಕ್ತ ಸೇರಿದೆಯೇ ಎಂಬುದನ್ನು ಹುಡುಕುತ್ತಾರೆ. ಇಲ್ಲವೆಂದರೆ, ಬಡಿಯುವ ಪುಟ್ಟ ಹೃದಯ ಕಂಡು ಸಮಾಧಾನಪಡುತ್ತಾರೆ. ರಕ್ತದಲ್ಲಿನ ಗರ್ಭದ ಹಾರ್ಮೋನಿನ ಪರೀಕ್ಷೆಯೂ ಇಲ್ಲಿ ನೆರವಿಗೆ ಬಾರದು. ಒಳಗಿನ ಮಗು ಚೆನ್ನಾಗಿ ಬೆಳೆಯುತ್ತಿರುವುದರಿಂದ ಅದು ಸರಿಯಾಗಿಯೇ ಏರುತ್ತಿರುತ್ತದೆ.

ನಾಳ ಬೆರಳಿಗಿಂತಲೂ ಸಣ್ಣದು. ಬೆಳೆಯುವ ಭ್ರೂಣವನ್ನು ತಾಳಲಾರದೆ ಸಾಮಾನ್ಯವಾಗಿ ಐದರಿಂದ ಎಂಟನೆಯ ವಾರದೊಳಗೆ ಅದು ಒಡೆಯಬಹುದು. ರಕ್ತ ಹೊರಗೆ ಕಾಣದೆ ಹೊಟ್ಟೆಯೊಳಗೇ ಸೋರುತ್ತದೆ. ಆ ರಕ್ತ ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಗೆ, ತಾಗುತ್ತದೆ. ವಪೆಯ ನರವೂ ಭುಜದ ಚರ್ಮದ ನರಗಳೂ ಕತ್ತಿನ ಒಂದೇ ಜಾಗದಿಂದ ಹೊರಟವು. ಆದ್ದರಿಂದ ಹೊಟ್ಟೆಯಲ್ಲಿ ರಕ್ತ ಸೋರಿದಾಗ ನೋವು ಭುಜದ ತುದಿಯಲ್ಲಿ ಕಾಣುತ್ತದೆ. ಬಸುರಿಗೆ ಹೊಟ್ಟೆನೋವಿನ ಜೊತೆ ಭುಜದ ನೋವು, ತಲೆಸುತ್ತು, ತಣ್ಣನೆಯ ಬೆವರು ಬಂದರೆ ಅದು ವಾಯುವಲ್ಲ. ಅದು ಕಷಾಯ ಕಾಯಿಸುವ ಹೊತ್ತೂ ಅಲ್ಲ.

ಹೊತ್ತಿಗೆ ಸರಿಯಾಗಿ ಗೊತ್ತಾದರೆ ಶಸ್ತ್ರಚಿಕಿತ್ಸೆ ಮಾಡಿ ಕೆಟ್ಟ ನಾಳವನ್ನು ತೆಗೆಯುತ್ತಾರೆ. ಬರೀ ನಾಳದ ಬಸಿರಿಗೆ ಕೊಡುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಇಲ್ಲಿ ಕೊಡುವಂತಿಲ್ಲ. ಅದು ಒಳಗಿನ ಮಗುವಿಗೂ ವಿಷ. ಶಸ್ತ್ರಚಿಕಿತ್ಸೆಯಾದ ಮೇಲೆ ಗರ್ಭಕೋಶದ ಮಗು ಏನಾಗುತ್ತದೆ? ಸುಮಾರು ಮೂರರಲ್ಲಿ ಎರಡು ಪಾಲು ಬಸಿರುಗಳು ಉಳಿದು ಹೆರಿಗೆಯವರೆಗೆ ಸಾಗುತ್ತವೆ. ಬೇಗ ಗೊತ್ತಾದರೆ ತಾಯಿಯೂ ಉಳಿಯುತ್ತಾಳೆ, ಬಹುಮಟ್ಟಿಗೆ ಮಗುವೂ ಉಳಿಯುತ್ತದೆ ಎಂಬುದು ಇದರ ಸಾರ.

ಹೊಟ್ಟೆಯಲ್ಲಿ ನೀರು

ಇನ್ನೊಂದು ತೊಡಕು ಅಂಡಾಶಯದ್ದು. ಅಂಡಾಣು ಬಲಿಯಲೆಂದು ಕೊಟ್ಟ ಚುಚ್ಚುಮದ್ದಿಗೆ ಕೆಲವರ ಅಂಡಾಶಯ ಅಳತೆ ಮೀರಿ ಸ್ಪಂದಿಸುತ್ತದೆ. ಬಾದಾಮಿಯಷ್ಟಿರುವ ಅಂಗ ಕಿತ್ತಳೆಯಷ್ಟು, ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡದಾಗಿ ಊದಿಕೊಳ್ಳುತ್ತದೆ. ರಕ್ತನಾಳಗಳಿಂದ ನೀರು ಹೊಟ್ಟೆಯೊಳಕ್ಕೆ ಜಿನುಗುತ್ತದೆ. ಇತ್ತ ಹೊಟ್ಟೆ ತುಂಬಿಕೊಳ್ಳುತ್ತದೆ, ಅತ್ತ ರಕ್ತ ಗಟ್ಟಿಯಾಗುತ್ತದೆ. ಮೂತ್ರ ಕಡಿಮೆಯಾಗುತ್ತದೆ. ಗಟ್ಟಿಯಾದ ರಕ್ತ ನಾಳಗಳಲ್ಲಿ ಹೆಪ್ಪುಗಟ್ಟುವ ಭಯವೂ ಇರುತ್ತದೆ. ಇದನ್ನು ವೈದ್ಯರು ಓ.ಎಚ್.ಎಸ್.ಎಸ್. ಎಂದು ಕರೆಯುತ್ತಾರೆ. ಸೌಮ್ಯ ರೂಪ ಸಾಕಷ್ಟು ಜನರಲ್ಲಿ ಕಂಡು ತಾನಾಗಿ ಇಳಿಯುತ್ತದೆ. ತೀವ್ರ ರೂಪ ಸುಮಾರು ನೂರಕ್ಕೆ ಒಬ್ಬರಲ್ಲಿ. ಚಿಕ್ಕ ವಯಸ್ಸಿನವರು, ಪಿ.ಸಿ.ಓ.ಡಿ. ಎಂಬ ಅಂಡಾಶಯದ ತೊಂದರೆ ಇರುವವರು ಹೆಚ್ಚು ಎಚ್ಚರದಿಂದಿರಬೇಕು.

ಇದು ಎರಡು ಹೊತ್ತಿನಲ್ಲಿ ಬರಬಹುದು. ಅಂಡಾಣು ತೆಗೆಯುವ ಮೊದಲಿನ ಕೊನೆಯ ಚುಚ್ಚುಮದ್ದಾದ ಒಂದು ವಾರದೊಳಗೆ ಒಮ್ಮೆ. ಗರ್ಭ ನಿಂತರೆ, ಆ ಗರ್ಭದ ಹಾರ್ಮೋನಿನಿಂದಲೇ ಹತ್ತು ದಿನಗಳ ನಂತರ ಇನ್ನೊಮ್ಮೆ. ಎರಡನೆಯ ಬಗೆಯದು ಹೆಚ್ಚು ತೀವ್ರ. ಅಷ್ಟರಲ್ಲಿ ಹೆಣ್ಣುಮಗಳು ಬೆಂಗಳೂರು ಬಿಟ್ಟು ಊರು ಸೇರಿರುತ್ತಾಳೆ.

ಚಳ್ಳಕೆರೆ ಸೀಮೆ ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ನೆಲಗಳಲ್ಲೊಂದು. ಬೇಸಿಗೆಯಲ್ಲಿ ಮೂತ್ರ ಕಡಿಮೆಯಾದರೆ ‘ಬಿಸಿಲಿಗೆ ಉಷ್ಣ ಆಗೈತೆ’ ಎನ್ನುವುದು ವಾಡಿಕೆ. ಹೊಟ್ಟೆ ಉಬ್ಬಿದರೆ ಶೇಂಗಾ ತಿಂದದ್ದು ಎನ್ನುತ್ತಾರೆ. ಚಿಕಿತ್ಸೆಯ ವಿಷಯ ಗೊತ್ತಿಲ್ಲದ ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಬಹುದು. ಗೊತ್ತಿದ್ದರೆ ತೂಕ ನೋಡುತ್ತಾರೆ, ಸೊಂಟದ ಸುತ್ತಳತೆ ತೆಗೆಯುತ್ತಾರೆ, ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಪರೀಕ್ಷಿಸುತ್ತಾರೆ. ದಿನದಿನಕ್ಕೆ ತೂಕ ಏರುವುದು, ಉಸಿರು ಕಟ್ಟುವುದು, ಮೂತ್ರ ತೀರ ಕಡಿಮೆಯಾಗುವುದು, ಕಾಲಿನ ಮೀನಖಂಡ ಊದಿ ನೋಯುವುದು ಆಸ್ಪತ್ರೆಗೆ ಸೇರಬೇಕಾದ ಸೂಚನೆಗಳು. ಊದಿದ ಅಂಡಾಶಯ ತಿರುಚಿಕೊಂಡರೆ ಒಂದೇ ಪಕ್ಕದಲ್ಲಿ ತಟ್ಟನೆ ಭರಿಸಲಾಗದ ನೋವು ಬರುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಇಲ್ಲಿ ಸಲ್ಲದು. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ ಹಾಕುತ್ತವೆ.

ಕೊನೆಯ ತಿಂಗಳುಗಳ ಮಾತು

ಮೊದಲ ಮೂರು ತಿಂಗಳು ದಾಟಿದರೆ ಗುಟ್ಟು ಮುಂದುವರಿಸಬಹುದೇ? ಅದೂ ಸರಿಯಲ್ಲ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂರುವುದು, ಗೋಡೆಗೆ ಅಳತೆ ಮೀರಿ ಆಳವಾಗಿ ಅಂಟಿಕೊಳ್ಳುವುದು ಕೃತಕ ಗರ್ಭಧಾರಣೆಯ ಬಸಿರುಗಳಲ್ಲಿ ಸ್ವಲ್ಪ ಹೆಚ್ಚು. ಆಳವಾಗಿ ಅಂಟಿದ ಮಾಸು ಹೆರಿಗೆಯ ನಂತರ ಬಿಡಿಸಿಕೊಳ್ಳುವುದಿಲ್ಲ, ರಕ್ತಸ್ರಾವ ಹೊಳೆಯಂತಾಗುತ್ತದೆ.

ಇವುಗಳಿಗಿಂತ ಅಪರೂಪದ್ದು ‘ವಾಸಾ ಪ್ರೀವಿಯಾ’. ಹೊಕ್ಕುಳಬಳ್ಳಿಯ ರಕ್ತನಾಳಗಳು ಮಾಸಿನ ಆಸರೆಯಿಲ್ಲದೆ, ಬರೀ ಪೊರೆಯ ಮೇಲೆ, ಗರ್ಭಕೋಶದ ಬಾಯಿಯ ಹತ್ತಿರ ಹಾದುಹೋಗಿರುತ್ತವೆ. ನೀರು ಒಡೆದಾಗ ಆ ನಾಳಗಳೂ ಹರಿಯಬಹುದು. ಹರಿಯುವುದು ತಾಯಿಯ ರಕ್ತವಲ್ಲ, ಮಗುವಿನದು. ಮೂರು ಕಿಲೋ ತೂಗುವ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಕಾಲು ಲೀಟರಿನ ಆಸುಪಾಸು. ಅದು ಬರಿದಾಗಲು ಕೆಲವೇ ನಿಮಿಷ ಸಾಕು. ಸಾಮಾನ್ಯ ಬಸಿರಿನಲ್ಲಿ ಸಾವಿರಾರರಲ್ಲಿ ಒಬ್ಬರಿಗೆ ಬರುವ ಇದು ಕೃತಕ ಗರ್ಭಧಾರಣೆಯವರಲ್ಲಿ ಸುಮಾರು ಮುನ್ನೂರಕ್ಕೆ ಒಬ್ಬರಲ್ಲಿ ಕಂಡದ್ದುಂಟು.

2004ರಲ್ಲಿ ಇಂಥ 155 ಬಸಿರುಗಳ ಅಧ್ಯಯನವೊಂದು ಪ್ರಕಟವಾಯಿತು. ಹೆರಿಗೆಗೆ ಮೊದಲೇ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದ್ದ ಮಕ್ಕಳಲ್ಲಿ 100ಕ್ಕೆ 97 ಉಳಿದಿದ್ದವು. ಗೊತ್ತಾಗದೆ ಹೋದವರಲ್ಲಿ ಉಳಿದದ್ದು 100ಕ್ಕೆ 44. ಕಾಯಿಲೆ ಅದೇ, ಮಕ್ಕಳೂ ಅಂಥವೇ. ವ್ಯತ್ಯಾಸವೆಲ್ಲ ಮೊದಲೇ ತಿಳಿದಿತ್ತೇ ಇಲ್ಲವೇ ಎಂಬುದರಲ್ಲಿ. ಐದನೆಯ ತಿಂಗಳಿನ ಸ್ಕ್ಯಾನಿಂಗ್ ಮಾಡುವವರಿಗೆ ಚಿಕಿತ್ಸೆಯ ವಿಷಯ ತಿಳಿಸಿದರೆ, ಬಣ್ಣದ ಡಾಪ್ಲರ್ ಹಾಕಿ ಗರ್ಭಕೋಶದ ಬಾಯಿಯ ಬಳಿ ನಾಳಗಳಿವೆಯೇ ಎಂದು ಕೆಲವು ನಿಮಿಷ ಹೆಚ್ಚು ಹುಡುಕುತ್ತಾರೆ. ಕಂಡರೆ ನೋವು ಬರುವ ಮೊದಲೇ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡುತ್ತಾರೆ.

ದೂರವೂ ಗುಟ್ಟೂ

ಚಳ್ಳಕೆರೆಯ ಕುದಾಪುರದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ನೆಲೆಯಿದೆ. ಆದರೆ ನಡುರಾತ್ರಿ ಕುಸಿದ ಹೆಣ್ಣುಮಗಳಿಗೆ ಬೇಕಾದದ್ದು ರಕ್ತ, ಅರಿವಳಿಕೆ ತಜ್ಞರು ಮತ್ತು ಶಸ್ತ್ರಚಿಕಿತ್ಸೆಯ ಮೇಜು. ಇವು ಯಾವ ಹೊತ್ತಿನಲ್ಲೂ ಒಟ್ಟಿಗೆ ಸಿಗಬೇಕೆಂದರೆ ಮೊಳಕಾಲ್ಮುರಿನವರು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೊರಡಬೇಕು. ಎರಡೂ ಒಂದು ಗಂಟೆಗೆ ಮಿಕ್ಕಿದ ದಾರಿ. ಬೆಂಗಳೂರು ಇನ್ನೂ ದೂರ. ದೂರವನ್ನು ಒಂದು ಮನೆಯವರು ಕಡಿಮೆ ಮಾಡಲಾರರು. ಗುಟ್ಟನ್ನು ಬಿಡುವುದು ಅವರ ಕೈಯಲ್ಲೇ ಇದೆ.

ಗುಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಮಡಿಲು ತುಂಬುವ ಶಾಸ್ತ್ರದಲ್ಲಿ ಹಿಂದಕ್ಕೆ ಸರಿಸಿ ನಿಲ್ಲಿಸುವ, ‘ಇನ್ನೂ ಏನೂ ಇಲ್ವಾ?’ ಎಂದು ಬಾವಿಕಟ್ಟೆಯಲ್ಲಿ ಕೇಳುವ ಸಮಾಜ ಅದನ್ನು ಹುಟ್ಟಿಸಿದೆ. ದೋಷ ಗಂಡಿನದಾದರೂ ಮಾತು ಕೇಳುವವಳು ಹೆಣ್ಣು. ‘ಪ್ರನಾಳ ಶಿಶು’ ಎಂದರೆ ಬೇರೆ ಯಾರದೋ ಮಗು ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಹೀಗಿರುವಾಗ ಅತ್ತೆ ಸುಳ್ಳು ಹೇಳಿದ್ದು ಕೆಟ್ಟತನದಿಂದಲ್ಲ, ಸೊಸೆಯ ಮಾನ ಕಾಯಲೆಂದು. ಆದರೆ ಕೇರಿಗೆ ಹೇಳದಿರುವುದು ಬೇರೆ, ವೈದ್ಯರಿಗೆ ಹೇಳದಿರುವುದು ಬೇರೆ. ಕೇರಿಯವರಿಗೆ ಹೇಳಬೇಕಾದ ಯಾವ ಅಗತ್ಯವೂ ಇಲ್ಲ. ರೋಗಿಯ ಗುಟ್ಟು ಕಾಯುವುದು ವೈದ್ಯರ ವೃತ್ತಿಧರ್ಮ.

ಕಾನೂನೂ ಕುಟುಂಬದ ಪರವಾಗಿದೆ. 2021ರಲ್ಲಿ ಸಂಸತ್ತು ಒಪ್ಪಿದ, 2022ರ ಜನವರಿ 25ರಿಂದ ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯಂತೆ ಈ ಚಿಕಿತ್ಸೆ ಕೊಡುವ ಕ್ಲಿನಿಕ್ಕುಗಳು ನೋಂದಣಿ ಮಾಡಿಸಿರಬೇಕು. ದಂಪತಿಗಳ ವಿವರವನ್ನು ಗೋಪ್ಯವಾಗಿಡಬೇಕು. ಯಶಸ್ಸಿನ ಸಾಧ್ಯತೆಯ ಜೊತೆಗೆ ವೆಚ್ಚ, ಅಡ್ಡಪರಿಣಾಮ, ಅಪಾಯಗಳನ್ನೂ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿ ಇದೆ. ಹೀಗೆ ಹುಟ್ಟಿದ ಮಗು ಆ ದಂಪತಿಗಳ ಸ್ವಂತ ಮಗುವೇ ಎಂದೂ ಕಾಯ್ದೆ ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ಭ್ರೂಣ ಬಿಡಿಸಿಕೊಂಡು ಊರಿಗೆ ಹೊರಡುವ ಮುನ್ನ ದಂಪತಿಗಳು ಕೆಲವನ್ನು ಕೇಳಿ ಪಡೆಯಬೇಕು. ಎಷ್ಟು ಭ್ರೂಣ ಬಿಟ್ಟರು, ಯಾವ ದಿನ ಬಿಟ್ಟರು, ನಾಳಗಳ ಸ್ಥಿತಿ ಏನು, ರಕ್ತದ ಗುಂಪು ಯಾವುದು, ರಾತ್ರಿ ಕರೆ ಮಾಡಿದರೆ ಯಾರು ಮಾತನಾಡುತ್ತಾರೆ ಎಂಬುದೆಲ್ಲ ಒಂದೇ ಹಾಳೆಯಲ್ಲಿರಲಿ. ‘ಎರಡು ಬಿಟ್ಟರೆ ಒಂದಾದರೂ ನಿಲ್ಲುತ್ತೆ’ ಎಂದು ಒತ್ತಾಯಿಸುವ ಬದಲು ಒಂದೇ ಭ್ರೂಣ ಸಾಕೇ ಎಂದು ಕೇಳುವುದು ಜಾಣತನ. ಊರಿಗೆ ಬಂದ ವಾರದೊಳಗೆ ಹತ್ತಿರದ ಡಾಕ್ಟರಿಗೆ ಆ ಹಾಳೆ ತೋರಿಸಬೇಕು. ತಾಯಿ ಕಾರ್ಡಿನಲ್ಲೂ ವಿಷಯ ಬರೆಸಬೇಕು. ಏಳನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ‘ನಾಳಗಳನ್ನೂ ನೋಡಿ’ ಎಂದು ಬಾಯಿಬಿಟ್ಟು ಕೇಳಬೇಕು. ನೋವು ಬಂದ ರಾತ್ರಿ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಈ ಉಚಿತ ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರಿಂದ ಇದೆ. ರಕ್ತ ಕೊಡಬಲ್ಲ ಇಬ್ಬರು ನೆಂಟರ ಹೆಸರನ್ನು ಮೊದಲೇ ಗುರುತಿಟ್ಟುಕೊಳ್ಳುವುದು ಒಳ್ಳೆಯದು.

ಓದು ಬಲ್ಲ ಮಕ್ಕಳಿಗೆ

ಆಸ್ಪತ್ರೆಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಎಷ್ಟೋ ಮನೆಗಳಲ್ಲಿ ಅದನ್ನು ಓದಬಲ್ಲವರು ಪಿಯುಸಿಯ ಹುಡುಗಿಯೋ ಡಿಗ್ರಿಯ ಹುಡುಗನೋ ಆಗಿರುತ್ತಾರೆ. ‘ಸಣ್ಣವರಿಗೆ ಇದೆಲ್ಲ ಯಾಕೆ’ ಎಂದು ಹಿರಿಯರು ಮುಚ್ಚಿಡುತ್ತಾರೆ. ಆದರೆ ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಆರೋಗ್ಯವೆಂಬ ಪಾಠವೇ ಇದೆ. ಪ್ರನಾಳ ಶಿಶುವಿನ ವಿಧಾನವನ್ನು ಅಲ್ಲಿ ಪರೀಕ್ಷೆಗೆಂದು ಓದುತ್ತಾರೆ. ಐದು ಅಂಕದ ಪ್ರಶ್ನೆಗೆ ಉತ್ತರ ಬರೆಯಬಲ್ಲ ಹುಡುಗಿ ಮನೆಯ ಅತ್ತಿಗೆಯ ಪ್ರಾಣಕ್ಕೆ ಒದಗಬಾರದು ಎಂಬ ನಿಯಮವೇನೂ ಇಲ್ಲ.

ಆ ಕಲ್ಪನೆಯ ಮನೆಗೆ ಮತ್ತೆ ಹೋಗಬಹುದು. ಅದೇ ಮಧ್ಯಾಹ್ನ, ಅದೇ ನೋವು. ಈ ಸಲ ನಾದಿನಿಗೆ ವಿಷಯ ಗೊತ್ತಿದೆ. ಟ್ರಂಕಿನಿಂದ ಫೈಲು ತೆಗೆದು ಓದುತ್ತಾಳೆ: ಎರಡು ಭ್ರೂಣ, ಬಲನಾಳ ಕೆಟ್ಟಿದೆ. ‘ಅಮ್ಮಾ, ಕಷಾಯ ಆಮೇಲೆ. ಮೊದಲು ಡಾಕ್ಟ್ರಿಗೆ ಇದನ್ನ ತೋರಿಸೋಣ’ ಎನ್ನುತ್ತಾಳೆ. ಚಳ್ಳಕೆರೆಯ ಡಾಕ್ಟರು ಅದೇ ಪ್ರಶ್ನೆ ಕೇಳುತ್ತಾರೆ. ಉತ್ತರವಾಗಿ ಮೇಜಿನ ಮೇಲೆ ಫೈಲು ಬೀಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಮಗು ಕಂಡ ಮೇಲೂ ಡಾಕ್ಟರು ಯಂತ್ರ ಕೆಳಗಿಡುವುದಿಲ್ಲ; ಬಲಕ್ಕೆ ಹೊರಳಿಸುತ್ತಾರೆ. ಇನ್ನೂ ಒಡೆಯದ ನಾಳದ ಮೇಲೆ ಸಣ್ಣದೊಂದು ಉಬ್ಬು ಕಾಣುತ್ತದೆ. ಹಗಲು ಹೊತ್ತು. ರಸ್ತೆ ತೆರೆದಿದೆ. ಚಿತ್ರದುರ್ಗಕ್ಕೆ ಮೊದಲೇ ಫೋನು ಹೋಗುತ್ತದೆ.

ಸಂಜೆಯ ಹೊತ್ತಿಗೆ ಒಂದು ನಾಳ ಹೋಗಿರುತ್ತದೆ. ಸೊಸೆ ಉಳಿದಿರುತ್ತಾಳೆ. ಗರ್ಭಕೋಶದೊಳಗಿನ ಪುಟ್ಟ ಹೃದಯ ಬಡಿಯುತ್ತಲೇ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಕೇರಿಯವರು ಕೇಳಿದರೆ ‘ಹೊಟ್ಟೆ ಆಪರೇಷನ್ ಆಯ್ತು’ ಎಂದರೆ ಸಾಕು. ಅವರಿಗೆ ಅದಕ್ಕಿಂತ ಹೆಚ್ಚು ಹೇಳುವ ಹಂಗಿಲ್ಲ. ಡಾಕ್ಟರಿಗೆ ಮಾತ್ರ ಎಲ್ಲವನ್ನೂ ಹೇಳಿರಬೇಕು.